ಯಾವ ಭಾಷೆಯಲ್ಲಿ ಮಾತು ಕಲಿಸುವುದು?

ಮಂಗಳೂರಿನ ಕುದ್ರೋಳಿಯಲ್ಲಿ ಹುಟ್ಟುವ ಮಗುವಿನ ಕಿವಿಗೆ ವರ್ಷ ತುಂಬುವುದರೊಳಗೆ ನಾಲ್ಕೈದು ಭಾಷೆ ಬಿದ್ದಿರುತ್ತವೆ. ಮನೆಯಲ್ಲಿ ತುಳುವೋ ಬ್ಯಾರಿಯೋ, ರಥಬೀದಿಯ ಅಂಗಡಿಗಳಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ, ಟಿವಿಯಲ್ಲಿ ಹಿಂದಿ, ಅಕ್ಕನ ಶಾಲೆಯ ಪುಸ್ತಕದಲ್ಲಿ ಇಂಗ್ಲಿಷ್. ಇಲ್ಲಿನ ಮಕ್ಕಳು ಇವನ್ನೆಲ್ಲ ಯಾರೂ ಕೂರಿಸಿ ಕಲಿಸದೆಯೇ ಕಲಿತುಬಿಡುತ್ತಾರೆ. ಅಜ್ಜಿಯ ಹತ್ತಿರ ಯಾವ ಭಾಷೆ, ಅಂಗಡಿಯವರ ಹತ್ತಿರ ಯಾವುದು, ಟೀಚರ್ ಹತ್ತಿರ ಯಾವುದು ಎಂಬ ಲೆಕ್ಕ ಐದು ವರ್ಷದ ಹುಡುಗನಿಗೆ ಪಕ್ಕಾ ಇರುತ್ತದೆ.

ಇಂಥ ಊರಲ್ಲಿ ಮಗುವೊಂದು ಮೂರು ವರ್ಷವಾದರೂ ಮಾತಾಡದಿದ್ದರೆ? ಹಿರಿಯರು "ಅವನ ಮಾವನೂ ತಡವಾಗಿಯೇ ಮಾತಾಡಿದ್ದು" ಎಂದು ಸಮಾಧಾನ ಹೇಳುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಅದಾದ ಮೇಲೆ ಮಕ್ಕಳ ಡಾಕ್ಟರು, ಅಲ್ಲಿಂದ ಸ್ಪೀಚ್ ಥೆರಪಿ. ಈ ದಾರಿಯಲ್ಲಿ ತಾಯಿಗೆ ಎಲ್ಲೋ ಒಂದು ಕಡೆ ಒಂದು ಸಲಹೆ ಸಿಕ್ಕೇ ಸಿಗುತ್ತದೆ: "ಮನೆಯಲ್ಲಿ ಇಷ್ಟೊಂದು ಭಾಷೆ ಬೇಡ, ಮಗುವಿಗೆ ಗೊಂದಲವಾಗುತ್ತದೆ. ಇಂಗ್ಲಿಷ್ ಒಂದರಲ್ಲೇ ಮಾತಾಡಿ." ಹೇಳುವವರು ನೆರೆಯವರಿರಬಹುದು, ಶಾಲೆಯವರಿರಬಹುದು, ಕೆಲವೊಮ್ಮೆ ಚಿಕಿತ್ಸೆ ಕೊಡುವವರೇ ಇರಬಹುದು. ಯಾರೇ ಹೇಳಿದರೂ ಈ ಸಲಹೆ ತಪ್ಪು. ಅದು ಏಕೆ ತಪ್ಪು ಎಂದು ತಿಳಿಯಬೇಕಾದರೆ ಭಾಷೆ ಮಗುವಿನೊಳಗೆ ಹೇಗೆ ಇಳಿಯುತ್ತದೆ ಎಂಬಲ್ಲಿಂದ ಶುರುಮಾಡಬೇಕು.

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗವೊಂದು ನಮ್ಮ ವರ್ಣಮಾಲೆಗೇ ಸಂಬಂಧಪಟ್ಟದ್ದು. ಇಂಗ್ಲಿಷ್ ಮಾತಾಡುವ ಮನೆಗಳ ಶಿಶುಗಳಿಗೆ ಅವರು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರ ಕಿವಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ. ಆದರೆ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಪಾಲು ಮಕ್ಕಳಲ್ಲಿ ಉಳಿದಿರಲಿಲ್ಲ. ಮಗು ಇನ್ನೂ ಒಂದು ಪದ ಆಡುವ ಮೊದಲೇ ಅದರ ಮಿದುಳು ತನ್ನ ಮನೆಯ ಧ್ವನಿಗಳಿಗೆ ಹೊಂದಿಕೊಂಡುಬಿಟ್ಟಿರುತ್ತದೆ ಎಂಬುದು ಇದರಿಂದ ಗೊತ್ತಾಯಿತು.

ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳ ಜೊತೆ ಚೀನೀ ಭಾಷೆಯವರು ನೆಲದ ಮೇಲೆ ಕುಳಿತು ಆಟವಾಡುತ್ತ, ಪುಸ್ತಕ ಓದುತ್ತ 12 ಸಲ, ಪ್ರತಿಸಲ ಸುಮಾರು 25 ನಿಮಿಷ ಕಳೆದರು. ಆ ಮಕ್ಕಳು ಚೀನೀ ಧ್ವನಿಗಳನ್ನು ಗುರುತಿಸಲು ಕಲಿತರು. ಅದೇ ಜನ, ಅದೇ ಮಾತು, ಅಷ್ಟೇ ಹೊತ್ತು ಟಿವಿ ಪರದೆಯ ಮೇಲೆ ಬಂದಾಗ ಮಕ್ಕಳು ಏನನ್ನೂ ಕಲಿಯಲಿಲ್ಲ. ಮೊಬೈಲಿನಲ್ಲಿ ಇಂಗ್ಲಿಷ್ ಶಿಶುಗೀತೆ ಹಾಕಿಕೊಟ್ಟರೆ ಮಗು ಮಾತು ಕಲಿತೀತು ಎಂದು ನಂಬಿರುವ ಮನೆಗಳಿಗೆ ಈ ಪ್ರಯೋಗವನ್ನು ಮತ್ತೆ ಮತ್ತೆ ಹೇಳಬೇಕು. ಎದುರಿಗಿರುವ ಮನುಷ್ಯ ಮಗುವಿನ ನೋಟ ಹಿಡಿದು, ಅದು ನೋಡಿದ್ದನ್ನೇ ನೋಡಿ, ಅದರ ಪ್ರತಿಕ್ರಿಯೆಗೆ ಉತ್ತರ ಕೊಡುತ್ತಾನೆ. ಪರದೆಗೆ ಆ ಕೆಲಸ ಬರುವುದಿಲ್ಲ.

ಇಷ್ಟೂ ಸಾಮಾನ್ಯ ಮಕ್ಕಳ ಮಾತಾಯಿತು. ಈ ಬರಹದ ಮಕ್ಕಳು ಬೇರೆ. ಅವರಿಗೆ ಇರುವುದು ಒಂದೇ ತೊಡಕಲ್ಲ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಕೈಕಾಲಿನ ಸ್ನಾಯುಗಳಂತೆ ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳೂ ಹೇಳಿದಂತೆ ಕೇಳುವುದಿಲ್ಲ. ಜೊತೆಗೆ ಅಪಸ್ಮಾರ ಇರಬಹುದು, ದೃಷ್ಟಿಯ ತೊಂದರೆ ಇರಬಹುದು. ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಕಲಿಕೆ ನಿಧಾನವಾಗುವುದರ ಜೊತೆಗೆ ಕಿವಿಯ ತಮಟೆಯ ಹಿಂದೆ ನೀರು ನಿಂತು ಆಗಾಗ ಕೇಳಿಸುವುದೂ ಕಡಿಮೆಯಾಗುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಬುದ್ಧಿಮಾಂದ್ಯವೂ ಇರುತ್ತದೆ. ಇಂಥವರು ಅಪರೂಪವೇನಲ್ಲ. ಉತ್ತರ ಗೋವಾ, ಹೈದರಾಬಾದ್ ಸೇರಿ ಭಾರತದ ಐದು ಕಡೆ 3,964 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡರಿಂದ ಆರು ವರ್ಷದೊಳಗಿನವರಲ್ಲಿ ಶೇ. 9.2, ಆರರಿಂದ ಒಂಬತ್ತು ವರ್ಷದವರಲ್ಲಿ ಶೇ. 13.6 ಮಕ್ಕಳಿಗೆ ನರವಿಕಾಸದ ಒಂದಲ್ಲ ಒಂದು ತೊಂದರೆ ಕಂಡುಬಂತು. ಆ ಮಕ್ಕಳಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ ಒಂದಕ್ಕಿಂತ ಹೆಚ್ಚು ತೊಂದರೆಗಳಿದ್ದವು.

ಇವರಿಗೆ ನೆರವಾಗುವ ವಾಕ್ ಶ್ರವಣ ವಿದ್ಯೆ ಕನ್ನಡನಾಡಿನಲ್ಲೇ ಬೇರುಬಿಟ್ಟಿದೆ ಎಂಬುದು ನಮ್ಮ ಅದೃಷ್ಟ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1960ರ ದಶಕದ ನಡುವಿನಲ್ಲಿ. 1966ರಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಮಾನಸಗಂಗೋತ್ರಿಯಲ್ಲಿ ಅದರ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದರು. ಕನ್ನಡ ಓದುಗರಿಗೆ ನಾಟಕಕಾರರಾಗಿ ಗೊತ್ತಿರುವ ನ. ರತ್ನ ಇಲ್ಲಿನ ನಿರ್ದೇಶಕರಾಗಿದ್ದವರು. ಮಕ್ಕಳ ಕನ್ನಡ ಉಚ್ಚಾರಣೆ ಅಳೆಯುವ ಪರೀಕ್ಷೆಯನ್ನು 1972ರಲ್ಲೇ ಬಾಬು, ರತ್ನ, ಬೆಟ್ಟಗೇರಿ ಸೇರಿ ರೂಪಿಸಿದರು. ಇಂಗ್ಲಿಷಿಗಾಗಿ ಮಾಡಿದ ಅಳತೆಗೋಲು ನಮ್ಮ ಮಕ್ಕಳಿಗೆ ಒಗ್ಗುವುದಿಲ್ಲ ಎಂಬ ಎಚ್ಚರ ಆಗಲೇ ಇತ್ತು.

ಕರಾವಳಿಯ ಮಟ್ಟಿಗೆ ಮಂಗಳೂರು ಈ ವಿದ್ಯೆಯ ದೊಡ್ಡ ಕೇಂದ್ರ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಾಕ್ ಶ್ರವಣ ವಿಭಾಗ, ಕಂಕನಾಡಿಯ ಫಾದರ್ ಮುಲ್ಲರ್, ಎಂ.ವಿ. ಶೆಟ್ಟಿ ಕಾಲೇಜು, ದೇರಳಕಟ್ಟೆಯ ನಿಟ್ಟೆ ಸಂಸ್ಥೆ, ಹೀಗೆ ಒಂದು ಮಧ್ಯಮ ಗಾತ್ರದ ನಗರದ ಆಸುಪಾಸಿನಲ್ಲೇ ಹಲವು ಕಡೆ ಸ್ಪೀಚ್ ಥೆರಪಿಸ್ಟ್‌ಗಳು ತಯಾರಾಗುತ್ತಾರೆ. ಓದಿ ಬಂದವರಲ್ಲಿ ಹಲವರು ವಿದೇಶಕ್ಕೆ ಹೋಗುತ್ತಾರೆ, ಕೆಲವರು ಆಸ್ಪತ್ರೆ ಸೇರುತ್ತಾರೆ, ಇನ್ನು ಕೆಲವರು ಊರಲ್ಲೇ ಖಾಸಗಿ ಕ್ಲಿನಿಕ್ ತೆರೆಯುತ್ತಾರೆ. ಕುದ್ರೋಳಿ, ಮಣ್ಣಗುಡ್ಡ, ಬಂದರು ಭಾಗದ ಮನೆಗಳಿಗೆ ಇವೆಲ್ಲ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿವೆ. ಆ ಸೌಕರ್ಯ ಎಷ್ಟು ದೊಡ್ಡದೆಂಬುದು ಘಟ್ಟದ ಬುಡದ ಹಳ್ಳಿಗಳನ್ನು ನೆನೆದಾಗ ತಿಳಿಯುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಥೆರಪಿ ಕೋಣೆಯೊಳಗೆ ಏನು ನಡೆಯುತ್ತದೆ? ಹೊರಗೆ ಕುಳಿತ ತಾಯಿಗೆ ಒಳಗಿನಿಂದ ಅ, ಆ, ಇ ಹೇಳಿಸುವ ಸದ್ದು ಕೇಳಬೇಕೆಂಬ ನಿರೀಕ್ಷೆ ಇರುತ್ತದೆ. ಬಹುವಿಧದ ತೊಂದರೆಯಿರುವ ಮಗುವಿನ ಕೋಣೆಯಲ್ಲಿ ಮೊದಮೊದಲು ಕೇಳುವುದು ಮೌನವೇ. ಥೆರಪಿಸ್ಟ್ ಸೋಪಿನ ಗುಳ್ಳೆ ಊದುತ್ತಾಳೆ. ಗುಳ್ಳೆಗಳು ಮಗುವಿನ ಮುಖದ ಮುಂದೆ ತೇಲಿ ಒಡೆಯುತ್ತವೆ. ಇನ್ನೊಂದು ಸಲ ಊದುತ್ತಾಳೆ. ಮೂರನೆಯ ಸಲಕ್ಕೆ ಕಡ್ಡಿಯನ್ನು ತುಟಿಯ ಹತ್ತಿರ ಹಿಡಿದು ಸುಮ್ಮನೆ ನಿಲ್ಲುತ್ತಾಳೆ. ಐದು ಸೆಕೆಂಡು, ಹತ್ತು ಸೆಕೆಂಡು. ಮಗು ಕಡ್ಡಿ ನೋಡುತ್ತದೆ, ಆಮೇಲೆ ಅವಳ ಮುಖ ನೋಡುತ್ತದೆ. ಆ ಕ್ಷಣಕ್ಕೆ ಅವಳು ಊದಿಬಿಡುತ್ತಾಳೆ. ವಸ್ತುವಿನಿಂದ ಮನುಷ್ಯನ ಕಡೆಗೆ ಹೊರಳಿದ ಆ ನೋಟ "ಇನ್ನೊಮ್ಮೆ ಮಾಡು" ಎಂಬ ಕೋರಿಕೆ. ಮಗು ಹೇಳಿತು, ಎದುರಿನವರು ಕೇಳಿದರು, ಕೆಲಸ ಆಯಿತು. ಭಾಷೆ ಬೇಕೆನಿಸುವುದು ಈ ಅನುಭವದಿಂದ.

ಅಮೆರಿಕದ ಚಾರಿಟಿ ರೋಲಂಡ್ ರೂಪಿಸಿದ ‘ಕಮ್ಯುನಿಕೇಷನ್ ಮ್ಯಾಟ್ರಿಕ್ಸ್’ ಎಂಬ ಅಳತೆಪಟ್ಟಿ ಈ ದಾರಿಯನ್ನು ಏಳು ಹಂತಗಳಾಗಿ ಬಿಡಿಸುತ್ತದೆ. ಹಸಿವಾದಾಗ ತಾನಾಗಿ ಬರುವ ಅಳು ಮೊದಲ ಹಂತ. ಪದಗಳನ್ನು ಜೋಡಿಸಿ ಹೇಳುವುದು ಕೊನೆಯದು. ನಡುವೆ ಮೈ ಹೊರಳಿಸುವುದು, ಕೈಹಿಡಿದು ಎಳೆಯುವುದು, ಬೊಟ್ಟು ಮಾಡುವುದು, ಚಿತ್ರ ತೋರಿಸುವುದು ಎಲ್ಲ ಬರುತ್ತವೆ. "ನಮ್ಮ ಮಗುವಿಗೆ ಏನೂ ಬರುವುದಿಲ್ಲ" ಎಂದು ಕ್ಲಿನಿಕ್ಕಿಗೆ ಬಂದ ತಾಯಿಗೆ ಈ ಪಟ್ಟಿಯ ಮುಂದೆ ಕುಳಿತಾಗ ಮಗು ಎಷ್ಟೊಂದು ಹೇಳುತ್ತಿತ್ತು ಎಂದು ಕಾಣತೊಡಗುತ್ತದೆ. ಫ್ರಿಜ್ಜಿನ ಮುಂದೆ ನಿಂತು ಅಳುವುದೂ ಮಾತೇ. ಬಾಯಿ ಬಿಗಿಹಿಡಿದು ಮುಖ ತಿರುಗಿಸುವುದೂ ಮಾತೇ.

ಬಾಯಿಯಿಂದ ಮಾತು ಬರುವವರೆಗೆ ಕಾಯುತ್ತ ಕೂರಬಾರದು ಎಂಬುದನ್ನು ಈ ಕ್ಷೇತ್ರ ಕಲಿತು ಅರ್ಧ ಶತಮಾನವಾಯಿತು. 1971ರಲ್ಲಿ ಟೊರಾಂಟೊದ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ ಶರ್ಲಿ ಮೆಕ್‌ನಾಟನ್ ಮತ್ತು ಸಹೋದ್ಯೋಗಿಗಳು ಮಾತು ಬಾರದ ಸೆರೆಬ್ರಲ್ ಪಾಲ್ಸಿ ಮಕ್ಕಳಿಗೆ ಚಾರ್ಲ್ಸ್ ಬ್ಲಿಸ್ ಎಂಬಾತ ರೂಪಿಸಿದ್ದ ಚಿಹ್ನೆಗಳ ಹಲಗೆ ಕೊಟ್ಟರು. ಮಕ್ಕಳು ಚಿಹ್ನೆ ತೋರಿಸಿ ಮಾತಾಡತೊಡಗಿದರು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಆಟಿಸಂ ಮಕ್ಕಳಿಗೆ ಚಿತ್ರದ ಕಾರ್ಡು ಕೊಟ್ಟು ಬೇಕಾದ್ದನ್ನು ಪಡೆಯುವ ಪದ್ಧತಿ ತಂದರು. ಈಗ ಚೆನ್ನೈಯ ‘ಆವಾಜ್’, ಐಐಟಿ ಬಾಂಬೆಯ ‘ಜೆಲ್ಲೋ’ ಮುಂತಾದ ಆ್ಯಪ್‌ಗಳಿವೆ. ಚಿತ್ರ ಒತ್ತಿದರೆ ಟ್ಯಾಬ್ ಮಾತಾಡುತ್ತದೆ.

ಆಗ ಮನೆಯವರಿಗೆ ಹುಟ್ಟುವ ಭಯ ಒಂದೇ: "ಚಿತ್ರ ತೋರಿಸಿ ಅಭ್ಯಾಸವಾದರೆ ಮಗು ಬಾಯಿ ತೆರೆಯುವುದೇ ಇಲ್ಲವಲ್ಲ?" ಸಹಜವಾದ ಭಯ. ಆದರೆ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆ. ಮಿಲ್ಲರ್, ಲೈಟ್ ಮತ್ತು ಶ್ಲಾಸರ್ 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಕಟ್ಟುನಿಟ್ಟಾಗಿ ನಡೆದವುಗಳನ್ನು ಬೇರ್ಪಡಿಸಿ ನೋಡಿದರು. ಅವುಗಳಲ್ಲಿದ್ದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇ. 89 ಜನರ ಮಾತು ಹೆಚ್ಚಿತ್ತು, ಉಳಿದವರದು ಇದ್ದಷ್ಟೇ ಇತ್ತು. ಹೆಚ್ಚಳ ದೊಡ್ಡದಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಚಿತ್ರದ ಹಲಗೆ ಮಾತನ್ನು ಕೊಲ್ಲುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಈಗ ಆರಂಭದ ಪ್ರಶ್ನೆಗೆ ಬರೋಣ. ಹಲಗೆಯ ಮೇಲೆ ಮೊದಲು ಕೂರಬೇಕಾದ ಎರಡು ಪದ ‘ಬೇಕು’ ಮತ್ತು ‘ಬೇಡ’. ಕುದ್ರೋಳಿಯ ತುಳು ಮನೆಯಲ್ಲಿ ಅವು ‘ಬೋಡು’, ‘ಬೊಡ್ಚಿ’. ಕೊಂಕಣಿ ಮನೆಯಲ್ಲಿ ‘ಜಾಯ್’, ‘ನಾಕಾ’. ಮಗುವಿಗೆ ವಾರಕ್ಕೆರಡು ಸಲ ಕ್ಲಿನಿಕ್ಕಿನಲ್ಲಿ ಇವನ್ನು ಇಂಗ್ಲಿಷಿನಲ್ಲಿ ಕಲಿಸಿ, ಮನೆಯಲ್ಲಿ ಅಜ್ಜಿ ತುಳುವಿನಲ್ಲಿ ಕೇಳಿದರೆ ಕಲಿತದ್ದನ್ನು ಬಳಸುವುದು ಯಾರ ಹತ್ತಿರ? ತಾಯಿ ತನಗೆ ಸರಾಗವಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ಮಾತಾಡಹೊರಟರೆ ಅವಳ ಮಾತು ‘ಕಮ್’, ‘ಸಿಟ್’, ‘ಈಟ್’ ಎಂಬ ಆಜ್ಞೆಗಳಿಗೆ ಇಳಿಯುತ್ತದೆ. ಮುದ್ದು, ಗದರಿಕೆ, ಕಥೆ, ಹಾಡು ಎಲ್ಲ ನಿಂತುಹೋಗುತ್ತವೆ. ಮಾತು ಕಡಿಮೆ ಇರುವ ಮಗುವಿಗೆ ಮನೆಯ ಮಾತೂ ಕಡಿಮೆಯಾಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಎರಡು ಭಾಷೆ ಇಂಥ ಮಕ್ಕಳಿಗೆ ಹೊರೆಯೇ ಎಂದು ಪರೀಕ್ಷಿಸಿದವರಿದ್ದಾರೆ. ಕೆನಡಾದಲ್ಲಿ 2005ರಲ್ಲಿ ಡೌನ್ ಸಿಂಡ್ರೋಮ್ ಇರುವ ದ್ವಿಭಾಷಿ ಮಕ್ಕಳನ್ನು ಏಕಭಾಷಿ ಮಕ್ಕಳೊಡನೆ ಹೋಲಿಸಿದರು. ಮಕ್ಕಳ ಸಂಖ್ಯೆ ಚಿಕ್ಕದು, ಆದರೆ ಎರಡನೆಯ ಭಾಷೆಯಿಂದ ಹಾನಿಯಾದ ಗುರುತು ಸಿಗಲಿಲ್ಲ. ಅದೇ ದೇಶದ ಮಾಂಟ್ರಿಯಲ್‌ನಲ್ಲಿ ಹ್ಯಾಂಬ್ಲಿ ಮತ್ತು ಫಾಂಬೋನ್ 2012ರಲ್ಲಿ ಆಟಿಸಂ ಇರುವ 75 ಮಕ್ಕಳನ್ನು ನೋಡಿದರು. ಅಲ್ಲೂ ದ್ವಿಭಾಷಿ ಮನೆಯ ಮಕ್ಕಳು ಏಕಭಾಷಿ ಮನೆಯ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ತೊಂದರೆಯಿರುವ ಮಗು ಎರಡು ಭಾಷೆಯಲ್ಲೂ ನಿಧಾನವಾಗಿಯೇ ಕಲಿಯುತ್ತದೆ, ನಿಜ. ಒಂದು ಭಾಷೆ ಕಿತ್ತುಕೊಂಡರೆ ಇನ್ನೊಂದು ಬೇಗ ಬರುವುದಿಲ್ಲ.

ಭಾಷೆ ಗೊತ್ತಿಲ್ಲದಿದ್ದರೆ ತೊಂದರೆಯ ಲೆಕ್ಕವೇ ತಪ್ಪುತ್ತದೆ. ಬ್ಯಾರಿ ಭಾಷೆಯನ್ನು ಅಭ್ಯಾಸ ಮಾಡಿದ ಸುಶೀಲಾ ಪಿ. ಉಪಾಧ್ಯಾಯರಂಥ ವಿದ್ವಾಂಸರು ಅದರ ಧ್ವನಿಗಳನ್ನು ದಾಖಲಿಸಿದ್ದಾರೆ. ಕನ್ನಡದ ಹಾಗೆ ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ಗಳ ನಡುವಿನ ವ್ಯತ್ಯಾಸ ಬ್ಯಾರಿಯಲ್ಲಿ ಇಲ್ಲ. ಕುದ್ರೋಳಿಯ ಬ್ಯಾರಿ ಮನೆಯ ಹುಡುಗಿ ಕನ್ನಡ ಉಚ್ಚಾರಣೆಯ ಪರೀಕ್ಷೆಯಲ್ಲಿ ‘ಬಾಳೆ’ಗೆ ‘ಬಾಲೆ’ ಎಂದರೆ ಅದು ನಾಲಿಗೆಯ ದೋಷವಲ್ಲ, ಅವಳ ಉಮ್ಮ ಆಡುವ ಭಾಷೆಯ ನಿಯಮ. ಅದನ್ನು ದೋಷದ ಪಟ್ಟಿಗೆ ಸೇರಿಸಿ ತಿಂಗಳುಗಟ್ಟಲೆ ತಿದ್ದಿದರೆ ಹಣವೂ ಹೊತ್ತೂ ಹಾಳು, ಮಗುವಿನ ಉತ್ಸಾಹವೂ ಹಾಳು. ಅದೇ ತುಳು ಮನೆಯ ಮಗುವಿಗೆ ‘ಳ’ ಬಾರದಿದ್ದರೆ ಲೆಕ್ಕ ಬೇರೆ. ಆ ಭಾಷೆಯಲ್ಲಿ ‘ಳ’ ಇದೆ.

ಯಂತ್ರಗಳದ್ದೂ ಇದೇ ಸಮಸ್ಯೆ. ಇಂಗ್ಲಿಷಿಗಾಗಿ ಕಟ್ಟಿದ ಆ್ಯಪ್‌ನಲ್ಲಿ ಒಂದೊಂದು ಗುಂಡಿಗೆ ಒಂದೊಂದು ಪದ, ಸಾಲಾಗಿ ಒತ್ತಿದರೆ ವಾಕ್ಯ. ಕನ್ನಡದಲ್ಲಿ ‘ಮನೆ’ ಎಂಬ ಗುಂಡಿ ಒತ್ತಿದರೆ ಸಾಲದು. ಅದು ‘ಮನೆಗೆ’ ಆಗಬೇಕು, ‘ಮನೆಯಲ್ಲಿ’ ಆಗಬೇಕು, ‘ಹೋಗು’ ಎಂಬುದು ‘ಹೋಗ್ತೇನೆ’ ಆಗಬೇಕು. ಪ್ರತ್ಯಯ ಸೇರಿಸಲು ಬಾರದ ಯಂತ್ರ ಮಗುವಿಗೆ ಮುರುಕು ಕನ್ನಡವನ್ನೇ ಕಲಿಸುತ್ತದೆ. ತುಳು, ಬ್ಯಾರಿಗಳಿಗೆ ಸಿದ್ಧ ಯಂತ್ರಧ್ವನಿಯನ್ನು ಕಾಯುವ ಬದಲು ಮನೆಯವರೇ ಧ್ವನಿಮುದ್ರಿಸುವುದು ಸುಲಭ. ಹುಡುಗನಿಗೆ ಅಣ್ಣನ ಧ್ವನಿ, ಹುಡುಗಿಗೆ ಅಕ್ಕನ ಧ್ವನಿ. ಮೊಬೈಲಿನಲ್ಲೇ ಆಗುವ ಕೆಲಸ, ಖರ್ಚಿಲ್ಲ. ಮಗುವಿನ ಹಲಗೆ ಅದರ ವಯಸ್ಸಿನ ಧ್ವನಿಯಲ್ಲಿ ಅದರ ಮನೆಯ ಭಾಷೆ ಆಡುತ್ತದೆ.

ಮಾತಿನಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಇದೇ ಥೆರಪಿಸ್ಟ್‌ನದು ಎಂಬುದು ಹಲವರಿಗೆ ತಿಳಿದಿಲ್ಲ: ನುಂಗುವುದು. ಮಾತಾಡಲು ಬೇಕಾದ ತುಟಿ, ನಾಲಿಗೆ, ಗಂಟಲೇ ಊಟಕ್ಕೂ ಬೇಕು. ಸೆರೆಬ್ರಲ್ ಪಾಲ್ಸಿಯ ಮಗು ನುಂಗುವಾಗ ಶ್ವಾಸನಾಳದ ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚದಿದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಊಟವಾದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಒದ್ದೆ ಧ್ವನಿ, ಪದೇ ಪದೇ ನ್ಯುಮೋನಿಯಾ ಇದರ ಸೂಚನೆಗಳು.

ಕರಾವಳಿಯಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ಇಲ್ಲಿ ಮೈ ಹುಷಾರಿಲ್ಲದ ಮಗುವಿಗೆ ಮೊದಲು ಕೊಡುವುದು ಕುಚ್ಚಲಕ್ಕಿ ಗಂಜಿ. ಒಂದು ಚಮಚ ಗಂಜಿಯಲ್ಲಿ ತೆಳ್ಳಗಿನ ತಿಳಿಯೂ ಇದೆ, ಅಗಿಯಬೇಕಾದ ಗಟ್ಟಿ ಅಗುಳೂ ಇದೆ. ನಾಲಿಗೆ ಅಗುಳನ್ನು ಹಿಡಿದಿಟ್ಟು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿಬಿಡುತ್ತದೆ. ನುಂಗುವ ತೊಂದರೆ ಇರುವವರಿಗೆ ಹೀಗೆ ದ್ರವ ಮತ್ತು ಗಟ್ಟಿ ಎರಡೂ ಬೆರೆತ ಆಹಾರವೇ ಎಲ್ಲಕ್ಕಿಂತ ಕಷ್ಟ. ಅದೇ ಗಂಜಿಯನ್ನು ಮಿಕ್ಸಿಯಲ್ಲಿ ಒಂದೇ ಹದಕ್ಕೆ ರುಬ್ಬಿದರೆ, ಅಥವಾ ಈ ಕಡೆ ಶಿಶುಗಳಿಗೆ ಕಾಯಿಸುವ ರಾಗಿ ಮಣ್ಣಿಯಂತೆ ಏಕರೂಪದ ಹದದಲ್ಲಿ ಕೊಟ್ಟರೆ ಕೆಲಸ ಹಗುರವಾಗಬಹುದು. ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕತ್ತು ಹಿಂದಕ್ಕೆ ಬಾಗಿಸಿ ಉಣಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಯಾವ ಮಗುವಿಗೆ ಯಾವ ಹದ ಎಂಬುದನ್ನು ಮಾತ್ರ ಪರೀಕ್ಷಿಸಿ ನೋಡಿದ ಥೆರಪಿಸ್ಟ್ ಹೇಳಬೇಕು. ಇಡೀ ವರ್ಷದ ಉಚ್ಚಾರಣೆಯ ಪಾಠಕ್ಕಿಂತ ಈ ಒಂದು ಬದಲಾವಣೆ ಕೆಲವು ಮಕ್ಕಳ ಜೀವಕ್ಕೆ ಹೆಚ್ಚು ಬೆಲೆಬಾಳುತ್ತದೆ.

ಗದ್ದಲದ ವಿಷಯವೂ ಹಾಗೆಯೇ. ಕುದ್ರೋಳಿ ಎಂದರೆ ದಸರಾ. ಒಂಬತ್ತು ದಿನ ದೀಪ, ಧ್ವನಿವರ್ಧಕ, ಹುಲಿವೇಷದ ತಾಸೆಯ ಬಡಿತ. ಸದ್ದು ಸಹಿಸದ ಆಟಿಸಂ ಮಗುವಿಗೆ ಅದು ಸಂಭ್ರಮವಲ್ಲ, ಹಿಂಸೆ. ಮಗು ಚೀರಿದರೆ ಹಟ ಎನ್ನುತ್ತಾರೆ. ವಾರದ ಮೊದಲೇ ಹುಲಿವೇಷದ ಚಿತ್ರ ತೋರಿಸಿ, ಏನು ಬರಲಿದೆ ಎಂದು ಹೇಳಿ, ತಾಸೆಯ ಧ್ವನಿಮುದ್ರಿಕೆಯನ್ನು ಸಣ್ಣ ಸದ್ದಿನಲ್ಲಿ ಕೇಳಿಸಿ, ‘ಸಾಕು, ಮನೆಗೆ ಹೋಗೋಣ’ ಎಂಬ ಚಿತ್ರವನ್ನು ಕೈಗೆ ಕೊಟ್ಟು ಕರೆದೊಯ್ದರೆ ಕೆಲವು ಮಕ್ಕಳು ಹತ್ತು ನಿಮಿಷವಾದರೂ ನಿಂತು ನೋಡಿಯಾರು. ಆ ಚಿತ್ರ ತೋರಿಸಿದ ಕೂಡಲೇ ಹಿಂದಿರುಗಬೇಕು. ಇಲ್ಲದಿದ್ದರೆ ಚಿತ್ರದ ಮೇಲಿನ ನಂಬಿಕೆ ಹೋಗುತ್ತದೆ.

ವಾರಕ್ಕೆ ಎರಡು ಸಲ, ಪ್ರತಿಸಲ ಮುಕ್ಕಾಲು ಗಂಟೆ ಥೆರಪಿ ಎಂದಿಟ್ಟುಕೊಳ್ಳಿ. ಒಟ್ಟು ಒಂದೂವರೆ ಗಂಟೆ. ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಾಗಿರುವ ಮಗುವಿಗೆ ವಾರದಲ್ಲಿ 84 ಗಂಟೆ ಇದೆ. ಉಳಿದ ಎಂಬತ್ತೆರಡೂವರೆ ಗಂಟೆ ಅದು ಅಮ್ಮ, ಅಜ್ಜಿ, ಅಣ್ಣತಂಗಿಯರ ಜೊತೆಗಿರುತ್ತದೆ. ಆದ್ದರಿಂದ ಬಾಗಿಲು ಮುಚ್ಚಿ ಮಗುವನ್ನು ಒಳಗೆ ಕರೆದೊಯ್ದು, ಮುಕ್ಕಾಲು ಗಂಟೆ ಬಳಿಕ ಹೊರಗೆ ಕಳಿಸುವ ಖಾಸಗಿ ಕ್ಲಿನಿಕ್ಕು ಎಷ್ಟೇ ನುರಿತದ್ದಾದರೂ ಅರ್ಧ ಕೆಲಸವನ್ನೂ ಮಾಡಿದಂತಾಗುವುದಿಲ್ಲ. ತಾಯಿಯನ್ನು ಒಳಗೆ ಕೂರಿಸಿಕೊಳ್ಳುವ ಥೆರಪಿಸ್ಟ್ ಬೇಕು. ಗುಳ್ಳೆ ಊದಿ ಹತ್ತು ಸೆಕೆಂಡು ಕಾಯುವುದನ್ನು ತಾಯಿ ಕಲಿತರೆ ಅದನ್ನೇ ಹಾಲಿನ ಲೋಟದ ಜೊತೆ, ಚಪ್ಪಲಿಯ ಜೊತೆ, ಸ್ನಾನದ ಚೊಂಬಿನ ಜೊತೆ ದಿನಕ್ಕೆ ಐವತ್ತು ಸಲ ಮಾಡಬಹುದು. ತಂದೆ ಕೊಲ್ಲಿ ದೇಶದಲ್ಲಿದ್ದರೆ ವಿಡಿಯೊ ಕರೆಯಲ್ಲೂ ಸೇರಿಸಿಕೊಳ್ಳಬಹುದು.

ಇದು ಕೇವಲ ಆಶಯವಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಮೇಲೆ ನಡೆದ ‘ಪಾಸ್’ ಎಂಬ ಪ್ರಯೋಗದಲ್ಲಿ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹೆತ್ತವರಿಗೆ ಕಲಿಸಿದರು. ಹೆತ್ತವರು ಮಗುವಿನ ಗತಿಗೆ ಹೊಂದಿಕೊಂಡು ಪ್ರತಿಕ್ರಿಯಿಸುವುದು ಹೆಚ್ಚಿತು, ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಇಬ್ಬರೂ ಒಂದೇ ವಸ್ತುವಿನ ಮೇಲೆ ಗಮನವಿಡುವ ಹೊತ್ತು ಮಾತ್ರ ಕಡಿಮೆಯಾಯಿತು. ಎಲ್ಲ ಗುಣವಾಗುವ ಮಂತ್ರ ಇದಲ್ಲ, ಆದರೆ ತಜ್ಞರು ಕಡಿಮೆಯಿರುವ ನಾಡಿಗೆ ಇದು ನಿಜವಾದ ದಾರಿ.

ಬೆಂಗಳೂರಿನಲ್ಲಿ ಪ್ರತಿಭಾ ಕಾರಂತ 2000ದಲ್ಲಿ ಶುರುಮಾಡಿದ ‘ಕಾಮ್ ಡೀಲ್’ ಕಾರ್ಯಕ್ರಮ ಇನ್ನೊಂದು ಮಾದರಿ. ಅವರು ಈ ಕ್ಷೇತ್ರದ ಹಿರಿಯರು, ಕನ್ನಡದ ಭಾಷಾ ಸಾಮರ್ಥ್ಯ ಅಳೆಯುವ ಪರೀಕ್ಷೆಯನ್ನೂ ರೂಪಿಸಿದವರು. ಶಾಲೆಗೆ ಸೇರುವ ವಯಸ್ಸಿಗಿಂತ ಮೊದಲೇ ಆಟಿಸಂ ಮಕ್ಕಳನ್ನು ಚಿಕ್ಕ ಗುಂಪುಗಳಲ್ಲಿ ದಿನವೂ ಗಂಟೆಗಟ್ಟಲೆ ತೊಡಗಿಸಿ, ಮಾತು, ಚಲನೆ, ಸಾಮಾಜಿಕ ಕೌಶಲಗಳನ್ನು ಒಟ್ಟಿಗೆ ಬೆಳೆಸುವುದು, ಹೆತ್ತವರನ್ನೂ ಸೇರಿಸಿಕೊಳ್ಳುವುದು ಅದರ ಕ್ರಮ. ವಿದೇಶದ ಪದ್ಧತಿಯನ್ನು ಹಾಗೆಯೇ ತರದೆ ಇಲ್ಲಿನ ಮನೆ, ಶಾಲೆ, ಭಾಷೆಗಳಿಗೆ ಹೊಂದಿಸಿದ್ದು ಅದರ ಹೆಚ್ಚುಗಾರಿಕೆ.

ಘಟ್ಟದ ಬುಡದ ಮಕ್ಕಳ ಮಾತು ಬಾಕಿ ಇತ್ತು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಎಣ್ಮಕಜೆ, ಪಡ್ರೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯಂಥ ಊರುಗಳಲ್ಲಿ ಬಹುವಿಧದ ಅಂಗವೈಕಲ್ಯವಿರುವ ಮಕ್ಕಳು ಹಲವು ಮನೆಗಳಲ್ಲಿ ಕಂಡುಬಂದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಈ ಬಗ್ಗೆ ದನಿಯೆತ್ತಿದವರಲ್ಲಿ ಮೊದಲಿಗರು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಆ ಕೀಟನಾಶಕವನ್ನು ದೇಶಾದ್ಯಂತ ತಡೆಹಿಡಿಯಿತು. ಸಂತ್ರಸ್ತರಿಗಾಗಿ ಕೊಕ್ಕಡ, ಕೊಯಿಲಗಳಲ್ಲಿ ಪಾಲನಾ ಕೇಂದ್ರಗಳು ಬಂದವು. ಆದರೆ ಬೆನ್ನು ನಿಲ್ಲದ, ಬೆಳೆದ ಮಗುವನ್ನು ಎತ್ತಿಕೊಂಡು ದೂರದ ಮಂಗಳೂರಿನ ಖಾಸಗಿ ಕ್ಲಿನಿಕ್ಕಿಗೆ ವಾರಕ್ಕೆರಡು ಸಲ ಬಂದುಹೋಗುವುದು ಕೂಲಿ ಮಾಡುವ ತಾಯಿಗೆ ಸಾಧ್ಯವಿಲ್ಲ. ಖಾಸಗಿ ಚಿಕಿತ್ಸೆ ನಗರದಲ್ಲಿ ಎಷ್ಟೇ ಬೆಳೆದರೂ ಅವಳನ್ನು ಮುಟ್ಟುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಚಿಕಿತ್ಸಾ ಕೇಂದ್ರಗಳನ್ನು ತೆರೆಯುವ ಯೋಜನೆ ಇರುವುದು ಇಂಥವರಿಗಾಗಿ. ತಾಲೂಕಿಗೊಬ್ಬ ಥೆರಪಿಸ್ಟ್ ಇಲ್ಲದೆ ಆ ಯೋಜನೆ ಪೂರ್ತಿಯಾಗದು.

ಹಣ ಕೊಟ್ಟು ಚಿಕಿತ್ಸೆ ಪಡೆಯುವವರಿಗೂ ಎಚ್ಚರ ಬೇಕು. ಕೆಲವು ಕಡೆ ಪೀಪಿ ಊದಿಸುವುದು, ಮೇಣದಬತ್ತಿ ಆರಿಸುವುದು, ನಾಲಿಗೆ ತಿಕ್ಕುವುದೇ ತಿಂಗಳುಗಟ್ಟಲೆ ನಡೆಯುತ್ತದೆ. ಇವುಗಳಿಂದ ಉಚ್ಚಾರಣೆ ಸುಧಾರಿಸುತ್ತದೆ ಎನ್ನಲು ಗಟ್ಟಿ ಸಾಕ್ಷ್ಯವಿಲ್ಲ. ಮಗುವಿನ ಕೈಯನ್ನು ಇನ್ನೊಬ್ಬರು ಹಿಡಿದು ಅಕ್ಷರ ಒತ್ತಿಸುವ ಪದ್ಧತಿಯನ್ನು 1990ರ ದಶಕದಲ್ಲೇ ಪರೀಕ್ಷಿಸಿದಾಗ ಉತ್ತರ ಕೊಡುತ್ತಿದ್ದವರು ಮಗುವಲ್ಲ, ಕೈ ಹಿಡಿದವರು ಎಂದು ಸಾಬೀತಾಯಿತು. ಆಟಿಸಂ, ಸೆರೆಬ್ರಲ್ ಪಾಲ್ಸಿಗಳಿಗೆ ಲಕ್ಷಗಟ್ಟಲೆ ಹಣಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಮಾರುವವರಿದ್ದಾರೆ. ರಕ್ತಸಂಬಂಧಿ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಸಂಶೋಧನೆಗೆ ಮಾತ್ರ ಎಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಹೇಳಿದೆ. "ಮೂರು ತಿಂಗಳಲ್ಲಿ ಮಾತು ಬರಿಸುತ್ತೇವೆ" ಎಂದು ಖಾತರಿ ಕೊಡುವವರ ಬಾಗಿಲಿಂದ ಹಿಂದಿರುಗಿ ಬರುವುದೇ ಲೇಸು.

ಹಾಗಾದರೆ ಏನು ಕೇಳಬೇಕು? ಮೊದಲು ಕಿವಿಯ ಪರೀಕ್ಷೆ ಆಗಿದೆಯೇ ಎಂದು ನೋಡಿಕೊಳ್ಳಿ. ಮಗು ಮಲಗಿದ್ದಾಗ ತಲೆಗೆ ತಂತಿ ಅಂಟಿಸಿ ಮಾಡುವ ‘ಬೇರಾ’ ಪರೀಕ್ಷೆಗೆ ಮಗುವಿನ ಉತ್ತರ ಬೇಕಾಗುವುದಿಲ್ಲ, ಆದ್ದರಿಂದ "ಅವನು ಸಹಕರಿಸುವುದಿಲ್ಲ" ಎಂದು ಅದನ್ನು ಮುಂದೂಡಲು ಕಾರಣವಿಲ್ಲ. ಥೆರಪಿಸ್ಟ್ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ ಎಂದು ಕೇಳಿ. ಅದಕ್ಕೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಪದವಿ ಬೇಕು, ಕೆಲವು ವಾರಗಳ ಸರ್ಟಿಫಿಕೇಟ್ ಸಾಲದು. ನಮ್ಮ ಮನೆಯ ಭಾಷೆಯಲ್ಲಿ ಕೆಲಸ ಮಾಡುತ್ತೀರಾ, ನನ್ನನ್ನು ಒಳಗೆ ಕೂರಿಸಿಕೊಳ್ಳುತ್ತೀರಾ ಎಂದೂ ಕೇಳಿ. ತುಳು ಬಾರದ ಥೆರಪಿಸ್ಟ್ ಆದರೆ ತೊಂದರೆಯಿಲ್ಲ, ತಾಯಿಯ ಬಾಯಿಂದ ತುಳು ಆಡಿಸುವುದು ಅವರಿಗೆ ಗೊತ್ತಿದ್ದರೆ ಸಾಕು. ಖರ್ಚಿನ ವಿಷಯಕ್ಕೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ‘ನಿರಾಮಯ’ ಎಂಬ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಲು ಸಂಕೋಚಪಡಬೇಡಿ.

ಇನ್ನು ಮಾಡಬೇಕಾದ ಒಂದು ಕೆಲಸ ಮಂಗಳೂರಿಗೇ ಸೇರಿದ್ದು. ತುಳು, ಬ್ಯಾರಿ, ಕೊಂಕಣಿ ಮೂರೂ ಸಾಹಿತ್ಯ ಅಕಾಡೆಮಿಗಳು ಈ ನಗರದಲ್ಲಿವೆ. ವಾಕ್ ಶ್ರವಣ ಕಾಲೇಜುಗಳೂ ಇಲ್ಲೇ ಇವೆ. ಮಗುವಿಗೆ ಮೊದಲು ಬೇಕಾಗುವ ಇನ್ನೂರು ಪದಗಳ ಚಿತ್ರಗಳು, ಪ್ರತಿಯೊಂದಕ್ಕೂ ಮೂರೂ ಭಾಷೆಗಳಲ್ಲಿ ಮಕ್ಕಳ ಧ್ವನಿ, ಆಯಾ ಭಾಷೆಗೆ ಒಪ್ಪುವ ಉಚ್ಚಾರಣೆಯ ಪರೀಕ್ಷೆ, ಇಷ್ಟನ್ನು ಇವರು ಒಟ್ಟಿಗೆ ಕುಳಿತು ತಯಾರಿಸಿ, ಕುದ್ರೋಳಿಯ ಕ್ಲಿನಿಕ್ಕಿಗೂ ಕೊಕ್ಕಡದ ಪಾಲನಾ ಕೇಂದ್ರಕ್ಕೂ ಉಚಿತವಾಗಿ ಸಿಗುವಂತೆ ಮಾಡಬೇಕು.